ತಾಯಿಯ ಶ್ವಾಸಕೋಶದ ಗಡ್ಡೆಗೆ ರೋಬೋಟ್ ಶಸ್ತ್ರಚಿಕಿತ್ಸೆಯೇ ಆಗಬೇಕೇ?

ಪ್ರಶ್ನೆ: ನಮ್ಮ ತಾಯಿಗೆ 58 ವರ್ಷ, ದಾವಣಗೆರೆಯಲ್ಲಿದ್ದಾರೆ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಬಿಡದ ಕೆಮ್ಮಿಗೆಂದು ತೆಗೆಸಿದ ಸಿ.ಟಿ. ಸ್ಕ್ಯಾನ್‌ನಲ್ಲಿ ಬಲ ಶ್ವಾಸಕೋಶದ ಮೇಲಿನ ಹಾಲೆಯಲ್ಲಿ (ಲೋಬ್) 1.8 ಸೆಂ.ಮೀ. ಗಡ್ಡೆ ಕಂಡಿತು. ಬಯಾಪ್ಸಿಯಲ್ಲಿ ಅಡಿನೊಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರ್ ಎಂದು ಬಂದಿದೆ. ಪೆಟ್-ಸಿ.ಟಿ. ವರದಿ ಬೇರೆಲ್ಲೂ ಹರಡಿಲ್ಲ ಎನ್ನುತ್ತದೆ. ಆದರೆ ಎದೆಯ ನಡುಭಾಗದ ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ‘ಸ್ವಲ್ಪ ಹೊಳಪು, ಬಹುಶಃ ಹಳೆಯ ಸೋಂಕು’ ಎಂದಿದೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ರೋಬೋಟ್‌ನಿಂದ ಇಡೀ ಹಾಲೆ ತೆಗೆಯೋಣ ಎಂದರು, ಇನ್ನೊಂದರಲ್ಲಿ ಸಾಮಾನ್ಯ ಕೀಹೋಲ್ ಸಾಕು ಎಂದರು. ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಿದೆ. ರೋಬೋಟ್ ನಿಜಕ್ಕೂ ಉತ್ತಮವೇ? ಹಾಲೆಯ ಬದಲು ಸಣ್ಣ ಭಾಗ ತೆಗೆದರೆ ಸಾಲದೇ? ಏನೇನು ತೊಂದರೆ ಆಗಬಹುದು?

ಉತ್ತರ: ರೋಬೋಟ್ ಬೇಕೋ ಬೇಡವೋ ಎಂಬುದನ್ನು ಒಂದು ವಾರ ಪಕ್ಕಕ್ಕಿಡಿ. ಅದಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಪೆಟ್ ವರದಿಯ ಆ ‘ಬಹುಶಃ’. ತಾಯಿಯವರದು ಮೊದಲ ಹಂತದ ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಅದರ ಮೇಲೇ ನಿಂತಿದೆ. ಹಂತ ತಪ್ಪಿದರೆ ಎಷ್ಟು ಒಳ್ಳೆಯ ಯಂತ್ರದಿಂದ ಮಾಡಿದ ಶಸ್ತ್ರಚಿಕಿತ್ಸೆಯೂ ತಪ್ಪು ಸಮಯದಲ್ಲಿ ಮಾಡಿದ ಶಸ್ತ್ರಚಿಕಿತ್ಸೆಯೇ.

ಪೆಟ್ ಸ್ಕ್ಯಾನ್ ತೋರಿಸುವುದು ಕ್ಯಾನ್ಸರನ್ನಲ್ಲ, ಸಕ್ಕರೆಯನ್ನು ಹೆಚ್ಚು ಉರಿಸುವ ಜೀವಕೋಶಗಳನ್ನು. ಕ್ಷಯ ಬಂದು ವಾಸಿಯಾದ, ಅಥವಾ ಗೊತ್ತೇ ಆಗದೆ ಬಂದು ಹೋದ ಗ್ರಂಥಿಗಳೂ ಹಾಗೇ ಹೊಳೆಯುತ್ತವೆ. ನಮ್ಮ ದೇಶದಲ್ಲಿ ಇದು ದಿನನಿತ್ಯದ ಅನುಭವ. ಹಾಗಾಗಿ ಹೊಳೆದಿದ್ದನ್ನೆಲ್ಲ ಕ್ಯಾನ್ಸರ್ ಎಂದು ಹೆದರುವುದೂ ಸರಿಯಲ್ಲ, ‘ಟಿ.ಬಿ. ಇರಬೇಕು ಬಿಡಿ’ ಎಂದು ಸುಮ್ಮನಾಗುವುದೂ ಸರಿಯಲ್ಲ. ಸೂಜಿ ಹಾಕಿ ನೋಡಬೇಕು. ಅದಕ್ಕಿರುವ ವಿಧಾನ ಇಬಸ್: ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಬ್ರಾಂಕೋಸ್ಕೋಪನ್ನು ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಸಿ, ನಾಳದ ಗೋಡೆಯಾಚೆಗಿರುವ ಗ್ರಂಥಿಯನ್ನು ಪರದೆಯಲ್ಲಿ ನೋಡುತ್ತಾ ಸಣ್ಣ ಸೂಜಿಯಿಂದ ಮಾದರಿ ತೆಗೆಯುತ್ತಾರೆ. ಮಂಪರು ಕೊಟ್ಟು ಮಾಡುತ್ತಾರೆ, ಹೆಚ್ಚಿನವರು ಅದೇ ದಿನ ಮನೆಗೆ ಹೋಗಬಹುದು. ಗಡ್ಡೆ ಬಲಗಡೆ ಇದ್ದರೂ ಸೂಜಿ ಮೊದಲು ಎಡಗಡೆಯ ಗ್ರಂಥಿಗೆ, ಆಮೇಲೆ ನಡುವಿನದಕ್ಕೆ, ಕೊನೆಗೆ ಬಲಗಡೆಯದಕ್ಕೆ ಹೋಗಬೇಕು. ಇಲ್ಲವಾದರೆ ರೋಗವಿರುವ ಗ್ರಂಥಿಯ ಕೋಶಗಳು ಸೂಜಿಗೆ ಅಂಟಿಕೊಂಡು ಆರೋಗ್ಯವಾಗಿರುವ ಗ್ರಂಥಿಯ ಮಾದರಿಯಲ್ಲಿ ಕಾಣಿಸಿಕೊಳ್ಳಬಹುದು. ಮಾದರಿಯನ್ನು ಕ್ಯಾನ್ಸರ್ ಕೋಶಕ್ಕಾಗಿ ಮಾತ್ರವಲ್ಲ, ಕ್ಷಯದ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೂ ಕಳಿಸುವಂತೆ ಮೊದಲೇ ಹೇಳಿ. ಮರೆತುಹೋಗುವುದು ಇದೇ.

ಗ್ರಂಥಿ ಶುದ್ಧವಾಗಿದ್ದರೆ ಗಡ್ಡೆ 1 ಸೆಂ.ಮೀ. ಮೀರಿ 2 ಸೆಂ.ಮೀ. ಒಳಗಿರುವುದರಿಂದ ಹಂತ 1ಎ2. ನೇರವಾಗಿ ಶಸ್ತ್ರಚಿಕಿತ್ಸೆ. ನಡುಭಾಗದ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕರೆ ಅದು ಮೂರನೇ ಹಂತಕ್ಕೆ ಅಥವಾ ಅದರ ಹತ್ತಿರಕ್ಕೆ ಹೋಗುತ್ತದೆ. ಆಗ ಸಾಮಾನ್ಯವಾಗಿ ಔಷಧ ಚಿಕಿತ್ಸೆ ಮೊದಲು, ಶಸ್ತ್ರಚಿಕಿತ್ಸೆಯ ಯೋಚನೆ ಆಮೇಲೆ. ಮುಂದಿನದೆಲ್ಲ ಗ್ರಂಥಿ ಶುದ್ಧವಿದೆ ಎಂದು ಭಾವಿಸಿ ಬರೆದದ್ದು.

ಈಗ ರೋಬೋಟ್. ಅದು ತಾನಾಗಿ ಏನನ್ನೂ ಕೊಯ್ಯುವುದಿಲ್ಲ. ಸರ್ಜನ್ ಅದೇ ಕೋಣೆಯಲ್ಲಿ ಒಂದು ಕನ್ಸೋಲ್ ಮುಂದೆ ಕೂತು ಬೆರಳುಗಳಿಂದ ಹಿಡಿಗಳನ್ನು ಆಡಿಸುತ್ತಾರೆ. ಯಂತ್ರದ ನಾಲ್ಕು ತೋಳುಗಳು ಎದೆಯೊಳಗೆ ಆ ಚಲನೆಯನ್ನು ಸಣ್ಣದಾಗಿಸಿ, ಕೈನಡುಕ ಸೋಸಿ ಮಾಡುತ್ತವೆ. ಮಂಚದ ಪಕ್ಕದಲ್ಲಿ ಇನ್ನೊಬ್ಬ ಸರ್ಜನ್ ಇಡೀ ಹೊತ್ತು ನಿಂತಿರುತ್ತಾರೆ. ಮಾಮೂಲಿ ಕೀಹೋಲ್ ಶಸ್ತ್ರಚಿಕಿತ್ಸೆಗೆ ವ್ಯಾಟ್ಸ್ ಎನ್ನುತ್ತಾರೆ. ಅದರಲ್ಲೂ ತೂತುಗಳೇ, ಕ್ಯಾಮೆರಾವೇ. ಆದರೆ ಉಪಕರಣಗಳು ನೇರ ಕಡ್ಡಿಗಳಂತಿರುತ್ತವೆ, ಚಿತ್ರ ಹೆಚ್ಚಿನ ಕಡೆ ಚಪ್ಪಟೆ. ರೋಬೋಟ್‌ನಲ್ಲಿ ಉಪಕರಣದ ತುದಿಗೆ ಮಣಿಕಟ್ಟಿನಂಥ ಕೀಲು ಇದೆ, ಚಿತ್ರಕ್ಕೆ ಆಳ ಇದೆ, ಸುಮಾರು 10 ಪಟ್ಟು ದೊಡ್ಡದಾಗಿ ಕಾಣುತ್ತದೆ. ಇದರಿಂದ ನಿಜವಾದ ಅನುಕೂಲ ಆಗುವುದು ಎರಡು ಕಡೆ: ರಕ್ತನಾಳಗಳ ಸಂದಿಯಲ್ಲಿರುವ ದುಗ್ಧಗ್ರಂಥಿಗಳನ್ನು ಚೂರಾಗದಂತೆ ಬಿಡಿಸುವಾಗ, ಮತ್ತು ಹಾಲೆಯ ಒಳಗಿನ ಒಂದು ವಿಭಾಗವನ್ನಷ್ಟೇ ತೆಗೆಯುವಾಗ. ಕಳೆದುಕೊಳ್ಳುವುದು ಸ್ಪರ್ಶಜ್ಞಾನವನ್ನು. ನಮ್ಮಲ್ಲಿ ಹೆಚ್ಚಾಗಿರುವ ಡಾ ವಿಂಚಿ ಎಕ್ಸ್‌ಐ ಮಾದರಿಯಲ್ಲಿ ಅಂಗಾಂಶ ಎಷ್ಟು ಎಳೆತದಲ್ಲಿದೆ ಎಂಬುದು ಕೈಗೆ ತಿಳಿಯುವುದಿಲ್ಲ, ಕಣ್ಣಿಂದಲೇ ಅಳೆಯಬೇಕು. 2024ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾ ವಿಂಚಿ 5ರಲ್ಲಿ ಬಲವನ್ನು ಕೈಗೆ ತಿಳಿಸುವ ಉಪಕರಣಗಳು ಬಂದಿವೆ. ಗುರುಗ್ರಾಮದಲ್ಲಿ ತಯಾರಾಗುವ ಎಸ್‌ಎಸ್‌ಐ ಮಂತ್ರ ಯಂತ್ರವೂ ಈಗ ನಮ್ಮ ದೇಶದ ಆಸ್ಪತ್ರೆಗಳಲ್ಲಿದೆ. ಯಾವ ಯಂತ್ರ ಎನ್ನುವುದಕ್ಕಿಂತ ಆ ಯಂತ್ರದಲ್ಲಿ ಆ ಸರ್ಜನ್ ಎಷ್ಟು ಶ್ವಾಸಕೋಶ ಮಾಡಿದ್ದಾರೆ ಎನ್ನುವುದು ಮುಖ್ಯ. ಸಾಮಾನ್ಯವಾಗಿ 20ರಿಂದ 40 ಶಸ್ತ್ರಚಿಕಿತ್ಸೆಗಳು ದಾಟುವವರೆಗೂ ಕೈ ಪಳಗುತ್ತಿರುತ್ತದೆ.

ಉತ್ತಮವೇ ಎಂಬ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಎದೆ ತೆರೆದು ಮಾಡುವುದಕ್ಕಿಂತ ಹೌದು, ಒಳ್ಳೆಯ ವ್ಯಾಟ್ಸ್‌ಗಿಂತ ಬಹಳ ಉತ್ತಮ ಎನ್ನಲು ಆಧಾರವಿಲ್ಲ. ಬ್ರಿಟನ್‌ನ ವೈಲೆಟ್ ಅಧ್ಯಯನ 503 ರೋಗಿಗಳಲ್ಲಿ ವ್ಯಾಟ್ಸನ್ನೂ ತೆರೆದ ಶಸ್ತ್ರಚಿಕಿತ್ಸೆಯನ್ನೂ ಚೀಟಿ ಎತ್ತಿದಂತೆ ಹಂಚಿ ಹೋಲಿಸಿತು. ಕೀಹೋಲ್ ಆದವರಲ್ಲಿ ಆಸ್ಪತ್ರೆಯಲ್ಲಿದ್ದಾಗಿನ ತೊಡಕುಗಳು ಕಡಿಮೆ, 5 ವಾರಗಳ ನಂತರ ಓಡಾಟ, ಕೆಲಸದ ಶಕ್ತಿ ಹೆಚ್ಚು, ಕ್ಯಾನ್ಸರ್ ತೆಗೆಯುವುದರಲ್ಲಿ ರಾಜಿ ಇಲ್ಲ. ರೋಬೋಟನ್ನೂ ವ್ಯಾಟ್ಸನ್ನೂ ಹಾಗೆಯೇ ಹೋಲಿಸಿದ ಶಾಂಘೈನ 320 ರೋಗಿಗಳ ಅಧ್ಯಯನದಲ್ಲಿ ರೋಬೋಟ್‌ನವರಿಗೆ ಗ್ರಂಥಿಗಳು ಸ್ವಲ್ಪ ಹೆಚ್ಚು ಸಿಕ್ಕವು. ತೊಡಕುಗಳು ಹೆಚ್ಚುಕಡಿಮೆ ಸಮ, ಖರ್ಚು ಮಾತ್ರ ಹೆಚ್ಚು. ಕೆನಡಾ ಮುಂದಾಳತ್ವದ ರಾವಲ್ ಅಧ್ಯಯನದಲ್ಲೂ 12 ವಾರಗಳ ಹೊತ್ತಿಗೆ ಎರಡು ಗುಂಪಿನವರ ಬದುಕಿನ ಗುಣಮಟ್ಟ ಹೆಚ್ಚುಕಡಿಮೆ ಒಂದೇ ರೀತಿ ಇತ್ತು. ಆದ್ದರಿಂದ ರೋಬೋಟ್‌ನ ಹಣ ಹೊಂದಿಸಲು ಜಮೀನು, ಒಡವೆ ಅಡವಿಡುವ ಸ್ಥಿತಿ ಇದ್ದರೆ ಬೇಡ. ವ್ಯಾಟ್ಸ್‌ನಲ್ಲಿ ಪಳಗಿದ ಸರ್ಜನ್ ಸಿಕ್ಕರೆ ತಾಯಿಗೆ ಏನೂ ಕಡಿಮೆಯಾಗುವುದಿಲ್ಲ. ಆಯ್ಕೆ ರೋಬೋಟ್ ಮತ್ತು ಎದೆ ತೆರೆಯುವುದರ ನಡುವೆ ಮಾತ್ರ ಎಂದಾದರೆ, ಅಂದರೆ ಆ ಊರಲ್ಲಿ ವ್ಯಾಟ್ಸ್ ಚೆನ್ನಾಗಿ ಮಾಡುವವರಿಲ್ಲ ಎಂದಾದರೆ, ಆಗ ರೋಬೋಟ್‌ಗೆ ಕೊಡುವ ಹಣಕ್ಕೆ ಅರ್ಥವಿದೆ.

ಇನ್ನು ಎಷ್ಟು ತೆಗೆಯಬೇಕು ಎಂಬುದು. ನನ್ನ ಅಭಿಪ್ರಾಯದಲ್ಲಿ ನಿಮ್ಮ ಮೂರು ಪ್ರಶ್ನೆಗಳಲ್ಲಿ ಹೆಚ್ಚು ತೂಕದ್ದು ಇದೇ. ಬಲ ಶ್ವಾಸಕೋಶದಲ್ಲಿ ಮೂರು ಹಾಲೆಗಳು, ಎಡದಲ್ಲಿ ಎರಡು. ಪ್ರತಿ ಹಾಲೆಯಲ್ಲೂ ತಮ್ಮದೇ ಗಾಳಿಕೊಳವೆ, ತಮ್ಮದೇ ರಕ್ತನಾಳ ಇರುವ ವಿಭಾಗಗಳಿವೆ. ಬಲ ಮೇಲಿನ ಹಾಲೆಯಲ್ಲಿ ಮೂರು. 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸಣ್ಣ ಭಾಗ ತೆಗೆದವರಲ್ಲಿ ಕ್ಯಾನ್ಸರ್ ಅಲ್ಲೇ ಮರುಕಳಿಸಿದ್ದು ಹೆಚ್ಚಾಗಿದ್ದರಿಂದ ಇಡೀ ಹಾಲೆ ತೆಗೆಯುವುದೇ ನಿಯಮವಾಯಿತು. ಆ ಕಾಲದ ಸ್ಕ್ಯಾನ್‌ಗಳಿಗೂ ಇಂದಿನವಕ್ಕೂ ಅಜಗಜಾಂತರ. 2022ರಲ್ಲಿ ಜಪಾನಿನ 1,106 ರೋಗಿಗಳ ಅಧ್ಯಯನ ಪ್ರಕಟವಾಯಿತು: 2 ಸೆಂ.ಮೀ. ಒಳಗಿನ, ಶ್ವಾಸಕೋಶದ ಹೊರವಲಯದಲ್ಲಿರುವ ಗಡ್ಡೆಗಳು ಮಾತ್ರ. ವಿಭಾಗವನ್ನಷ್ಟೇ ತೆಗೆದವರಲ್ಲಿ 5 ವರ್ಷಗಳ ನಂತರ ಶೇ. 94.3 ಮಂದಿ ಬದುಕಿದ್ದರು, ಹಾಲೆ ತೆಗೆದವರಲ್ಲಿ ಶೇ. 91.1. ಆದರೆ ಅದೇ ಜಾಗದಲ್ಲಿ ಅಥವಾ ಹತ್ತಿರದಲ್ಲಿ ಮರುಕಳಿಸಿದ್ದು ವಿಭಾಗದವರಲ್ಲಿ ಶೇ. 10.5, ಹಾಲೆಯವರಲ್ಲಿ ಶೇ. 5.4. ಈ ಎರಡು ಅಂಕಿಗಳನ್ನೂ ಒಟ್ಟಿಗೇ ನೋಡಬೇಕು, ಒಂದನ್ನು ಮಾತ್ರ ಹೇಳುವವರನ್ನು ನಂಬಬೇಡಿ. ಮರುವರ್ಷ ಬಂದ ಅಮೆರಿಕದ 697 ರೋಗಿಗಳ ಅಧ್ಯಯನವೂ ಬದುಕುಳಿಯುವುದರಲ್ಲಿ ಎರಡೂ ಸಮ ಎಂದಿತು.

ತಾಯಿಯ ಗಡ್ಡೆ 1.8 ಸೆಂ.ಮೀ., ಅಂದರೆ ಈ ಗುಂಪಿಗೆ ಸೇರುತ್ತದೆ. ಆದರೆ ಗಾತ್ರ ಒಂದೇ ಸಾಲದು. ಸಿ.ಟಿ.ಯಲ್ಲಿ ಅದು ಶ್ವಾಸಕೋಶದ ಹೊರಗಿನ ಮೂರನೇ ಒಂದು ಭಾಗದಲ್ಲಿದೆಯೇ, ಸುತ್ತಲೂ ಕನಿಷ್ಠ 2 ಸೆಂ.ಮೀ. ಅಥವಾ ಗಡ್ಡೆಯ ಅಗಲದಷ್ಟು ಒಳ್ಳೆಯ ಅಂಗಾಂಶ ಸಿಗುವಂತಿದೆಯೇ, ಎರಡು ವಿಭಾಗಗಳ ಗಡಿಯ ಮೇಲೆ ಕೂತಿದೆಯೇ ಎಂದು ಕೇಳಿ. ಗಡ್ಡೆ ಶ್ವಾಸಕೋಶದ ಬುಡದ, ಅಂದರೆ ಗಾಳಿಕೊಳವೆ, ರಕ್ತನಾಳಗಳು ಒಳಹೋಗುವ ಜಾಗದ ಹತ್ತಿರವಿದ್ದರೆ ಹಾಲೆ ತೆಗೆಯುವುದೇ ಸರಿ. ವಿಭಾಗ ತೆಗೆಯಲು ಹೊರಟಾಗಲೂ ಬುಡದ ಗ್ರಂಥಿಯನ್ನು ಮೊದಲು ತೆಗೆದು ಫ್ರೋಜನ್ ಸೆಕ್ಷನ್‌ಗೆ, ಅಂದರೆ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಮಾಡುವ ತುರ್ತು ಪರೀಕ್ಷೆಗೆ ಕಳಿಸುತ್ತಾರೆ. ಅದರಲ್ಲಿ ಕ್ಯಾನ್ಸರ್ ಕಂಡರೆ ಆ ಕ್ಷಣವೇ ಯೋಜನೆ ಬದಲಾಯಿಸಿ ಹಾಲೆ ತೆಗೆಯಬೇಕು. ಇದಕ್ಕೆ ಮೊದಲೇ ನಿಮ್ಮ ಒಪ್ಪಿಗೆ ಪಡೆದಿರಬೇಕು.

ವಿಭಾಗದ ಗಡಿ ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಆ ವಿಭಾಗಕ್ಕೆ ಹೋಗುವ ಅಪಧಮನಿಯನ್ನು ಕತ್ತರಿಸಿದ ಮೇಲೆ ಕೈಯ ರಕ್ತನಾಳಕ್ಕೆ ಇಂಡೋಸಯನೀನ್ ಗ್ರೀನ್ ಎಂಬ ಬಣ್ಣ ಕೊಡುತ್ತಾರೆ. ಅರ್ಧ ನಿಮಿಷದಲ್ಲಿ ಕ್ಯಾಮೆರಾದ ಅವಕೆಂಪು ನೋಟದಲ್ಲಿ ಉಳಿದ ಶ್ವಾಸಕೋಶವೆಲ್ಲ ಹಸಿರಾಗಿ ಬೆಳಗುತ್ತದೆ. ರಕ್ತ ನಿಂತ ವಿಭಾಗ ಮಾತ್ರ ಕಪ್ಪಾಗಿ ಉಳಿಯುತ್ತದೆ. ಆ ಹಸಿರು ಒಂದೆರಡು ನಿಮಿಷದಲ್ಲಿ ಮಾಸಲು ಶುರುವಾಗುತ್ತದೆ, ಅಷ್ಟರಲ್ಲಿ ಕರೆಂಟಿನ ಕೊಕ್ಕೆಯಿಂದ ಗಡಿಯುದ್ದಕ್ಕೂ ಗುರುತು ಹಾಕಿಕೊಳ್ಳಬೇಕು.

ಇಡೀ ಹಾಲೆ ತೆಗೆಯುವುದಾದರೆ ಕೆಲಸ ಹೀಗೆ ಸಾಗುತ್ತದೆ. ಅರಿವಳಿಕೆಯಲ್ಲಿ ಎರಡು ಕೊಳವೆಗಳಿರುವ ನಳಿಗೆಯನ್ನು ಹಾಕಿ ಎಡ ಶ್ವಾಸಕೋಶಕ್ಕೆ ಮಾತ್ರ ಉಸಿರು ಕೊಡುತ್ತಾರೆ, ಬಲದ್ದು ಕುಗ್ಗುತ್ತದೆ. ರೋಗಿ ಎಡಮಗ್ಗುಲಲ್ಲಿ ಮಲಗಿರುತ್ತಾರೆ. ಏಳು, ಎಂಟನೇ ಪಕ್ಕೆಲುಬುಗಳ ಸಾಲಿನ ಸಂದಿಯಲ್ಲಿ 8 ಮಿ.ಮೀ. ತೂತುಗಳು, ಸ್ಟೇಪ್ಲರ್ ಹೋಗಲು 12 ಮಿ.ಮೀ.ನದು, ಕೆಳಗೆ ಸಹಾಯಕರಿಗೆ ಒಂದು. ಒಳಗೆ 5ರಿಂದ 8 ಮಿ.ಮೀ. ಪಾದರಸದ ಒತ್ತಡದಲ್ಲಿ ಇಂಗಾಲದ ಡೈ ಆಕ್ಸೈಡ್ ತುಂಬುತ್ತಾರೆ. ಇದರಿಂದ ವಪೆ (ಎದೆ, ಹೊಟ್ಟೆಗಳ ನಡುವಿನ ಪರದೆ) ಕೆಳಗಿಳಿದು ಜಾಗವಾಗುತ್ತದೆ, ಒತ್ತಡ ಹೆಚ್ಚಾದರೆ ರಕ್ತದೊತ್ತಡ ಕುಸಿಯುತ್ತದೆ. ಆಮೇಲೆ ಮೇಲಿನ ಅಭಿಧಮನಿ, ಅಪಧಮನಿಯ ಕವಲುಗಳು, ಗಾಳಿಕೊಳವೆ ಇವುಗಳನ್ನು ಒಂದೊಂದಾಗಿ ಬಿಡಿಸಿ, ಸ್ಟೇಪ್ಲರ್‌ನಿಂದ ಮುಚ್ಚಿ ಕತ್ತರಿಸುತ್ತಾರೆ. ಅಭಿಧಮನಿ ಹಿಡಿಯುವಾಗ ನಡುಹಾಲೆಯಿಂದ ಬರುವ ಕವಲನ್ನು ಗುರುತಿಸಿ ಉಳಿಸಬೇಕು. ಗಾಳಿಕೊಳವೆಗೆ ಸ್ಟೇಪ್ಲರ್ ಕಚ್ಚಿಸಿದ ಮೇಲೆ, ಕತ್ತರಿಸುವ ಮೊದಲು, ಅರಿವಳಿಕೆ ವೈದ್ಯರು ಬಲಗಡೆಗೆ ಮೆಲ್ಲಗೆ ಗಾಳಿ ಬಿಡುತ್ತಾರೆ. ನಡು ಮತ್ತು ಕೆಳ ಹಾಲೆಗಳು ಉಬ್ಬಿದರೆ ಹಿಡಿದದ್ದು ಸರಿಯಾದ ಕೊಳವೆ. ಉಬ್ಬದಿದ್ದರೆ ಬಿಚ್ಚಿ ಮತ್ತೆ ನೋಡಬೇಕು. ತೆಗೆದ ಹಾಲೆಯನ್ನು ಚೀಲಕ್ಕೆ ಹಾಕಿ 3-4 ಸೆಂ.ಮೀ. ಗಾಯದ ಮೂಲಕ ಹೊರತರುತ್ತಾರೆ; ಚೀಲವಿಲ್ಲದೆ ಎಳೆದರೆ ಕ್ಯಾನ್ಸರ್ ಕೋಶ ಗಾಯದಲ್ಲಿ ಬೇರೂರಬಹುದು. ಮೇಲಿನ ಹಾಲೆ ಹೋದ ಮೇಲೆ ಸಡಿಲವಾದ ನಡುಹಾಲೆ ತಿರುಚಿಕೊಳ್ಳುವ ಅಪಾಯ ಅಪರೂಪಕ್ಕೆ ಇರುವುದರಿಂದ ಅದನ್ನು ಕೆಳಹಾಲೆಗೆ ಸೇರಿಸಿ ಕಟ್ಟುವುದು ರೂಢಿ.

ಗ್ರಂಥಿಗಳ ಬಗ್ಗೆ ಪಟ್ಟಾಗಿ ಕೇಳಿ. ಎದೆಯ ನಡುಭಾಗದ ಕನಿಷ್ಠ ಮೂರು ತಾಣಗಳಿಂದ, ಶ್ವಾಸಕೋಶದ ಬುಡದ ಕನಿಷ್ಠ ಒಂದು ತಾಣದಿಂದ ಗ್ರಂಥಿ ತೆಗೆದಿರಬೇಕು, ಪ್ರತಿ ತಾಣದ್ದೂ ಬೇರೆ ಡಬ್ಬಿಯಲ್ಲಿ ಹೆಸರು ಬರೆದು ಹೋಗಬೇಕು. ಇದು ಅಂತರರಾಷ್ಟ್ರೀಯ ಮಾನದಂಡ, ಯಂತ್ರ ಯಾವುದೇ ಇರಲಿ. ಪೆಥಾಲಜಿ ವರದಿಯಲ್ಲಿ ತಾಣಗಳ ಸಂಖ್ಯೆ ಕಾಣದೆ ‘ಗ್ರಂಥಿಗಳಲ್ಲಿ ರೋಗವಿಲ್ಲ’ ಎಂದಷ್ಟೇ ಇದ್ದರೆ ಹಂತ ನಿಖರವಾಗಿ ಗೊತ್ತಾದಂತಲ್ಲ.

ತೊಂದರೆಗಳಲ್ಲಿ ಎಲ್ಲಕ್ಕಿಂತ ಭಯದ್ದು ಅಪಧಮನಿ ಹರಿಯುವುದು. ಶ್ವಾಸಕೋಶದ ಅಪಧಮನಿಯ ಗೋಡೆ ತೆಳು, ಹಳೆಯ ಕ್ಷಯದಿಂದ ಸುಣ್ಣಗಟ್ಟಿದ ಗ್ರಂಥಿ ಅದಕ್ಕೆ ಅಂಟಿಕೊಂಡಿದ್ದರೆ ಬಿಡಿಸುವಾಗಲೇ ಕಿತ್ತುಬರಬಹುದು. ನಮ್ಮ ರೋಗಿಗಳಲ್ಲಿ ಈ ಸುಣ್ಣಗಟ್ಟಿದ ಗ್ರಂಥಿ ಸಾಮಾನ್ಯ, ಸಿ.ಟಿ.ಯಲ್ಲಿ ಬೆಳ್ಳಗೆ ಕಾಣುತ್ತದೆ; ಅದನ್ನು ಮೊದಲೇ ನೋಡಿ ಯೋಜಿಸುವ ಸರ್ಜನ್ ಅಪಧಮನಿಯ ಬುಡವನ್ನು ಮೊದಲು ಹಿಡಿತಕ್ಕೆ ತಂದುಕೊಳ್ಳುತ್ತಾರೆ. ರಕ್ತ ಚಿಮ್ಮಿದಾಗ ಮೊದಲ ಕೆಲಸ ಎದೆಯೊಳಗೆ ಸಿದ್ಧವಿಟ್ಟ ಸುರುಳಿ ಗಾಜ್‌ನಿಂದ ಒತ್ತಿ ಹಿಡಿಯುವುದು. ಹೆಚ್ಚಿನ ಸಣ್ಣ ಹರಕುಗಳು ಒತ್ತಡಕ್ಕೇ ನಿಲ್ಲುತ್ತವೆ. ನಿಲ್ಲದಿದ್ದರೆ ಒಂದು ತೋಳು ಒತ್ತಿ ಹಿಡಿದಿರುವಾಗಲೇ ಪಕ್ಕದ ಸರ್ಜನ್ ಎದೆ ತೆರೆಯಬೇಕು, ಆಮೇಲೆ ಯಂತ್ರವನ್ನು ಹಿಂದಕ್ಕೆ ಸರಿಸಬೇಕು. ಆದ್ದರಿಂದ ಎದೆ ತೆರೆಯುವ ಉಪಕರಣಗಳು ಕೋಣೆಯಲ್ಲೇ ಇವೆಯೇ, ಮಂಚದ ಪಕ್ಕ ನಿಲ್ಲುವವರಿಗೆ ಎದೆ ತೆರೆಯಲು ಬರುತ್ತದೆಯೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಕೀಹೋಲ್‌ನಿಂದ ತೆರೆದ ಶಸ್ತ್ರಚಿಕಿತ್ಸೆಗೆ ಬದಲಾಯಿಸಿದರೆ ಅದನ್ನು ಸೋಲು ಎಂದುಕೊಳ್ಳಬೇಡಿ. ಬದಲಾಯಿಸಲು ಹಿಂಜರಿಯುವ ಸರ್ಜನ್ ಅಪಾಯಕಾರಿ.

ಆಗಾಗ ಕಾಣುವ ತೊಂದರೆ ಬೇರೆ: ಗಾಳಿ ಸೋರಿಕೆ. ಹಾಲೆಗಳ ನಡುವಿನ ಸಂದು ಪೂರ್ತಿ ಬೇರೆಯಾಗಿಲ್ಲದವರಲ್ಲಿ ಕತ್ತರಿಸಿದ ಅಂಚಿನಿಂದ ಗಾಳಿ ಒಸರುತ್ತದೆ, ಎದೆಗೆ ಹಾಕಿದ ನಳಿಕೆಯ ಡಬ್ಬಿಯಲ್ಲಿ ಗುಳ್ಳೆ ಏಳುತ್ತದೆ. ಹೆಚ್ಚಿನದು ಎರಡು ಮೂರು ದಿನಗಳಲ್ಲಿ ನಿಲ್ಲುತ್ತದೆ, 5 ದಿನ ದಾಟಿದರೆ ದೀರ್ಘ ಸೋರಿಕೆ ಎನ್ನುತ್ತಾರೆ. ಆಗಲೂ ಬಹುಪಾಲು ಕಾಯುವುದೇ ಚಿಕಿತ್ಸೆ. ಎರಡನೇ, ಮೂರನೇ ದಿನ ಎದೆಬಡಿತ ಏರುಪೇರಾಗುವುದು ಇನ್ನೊಂದು. ಮಾತ್ರೆಗಳಿಗೆ ಹತೋಟಿಗೆ ಬರುತ್ತದೆ. ಊಟ ಶುರುವಾದ ಮೇಲೆ ನಳಿಕೆಯ ನೀರು ಹಾಲಿನಂತೆ ಬೆಳ್ಳಗಾದರೆ ಕೊಬ್ಬನ್ನು ಸಾಗಿಸುವ ದುಗ್ಧನಾಳಕ್ಕೆ ಪೆಟ್ಟಾಗಿದೆ ಎಂದರ್ಥ. ಆ ನೀರಿನಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಪ್ರತಿ ಡೆಸಿಲೀಟರಿಗೆ 110 ಮಿ.ಗ್ರಾಂ. ಮೀರಿದ್ದರೆ ಖಾತ್ರಿ, ತುಪ್ಪ, ಎಣ್ಣೆ, ಕಾಯಿ, ಹಾಲು ಎಲ್ಲ ನಿಲ್ಲಿಸಬೇಕು. ಮನೆಯಿಂದ ಪ್ರೀತಿಯಿಂದ ತಂದ ಉಪ್ಪಿಟ್ಟೂ ಆ ದಿನಗಳಲ್ಲಿ ಬೇಡ.

ಶಸ್ತ್ರಚಿಕಿತ್ಸೆಗೆ ಮೊದಲು ಉಸಿರಿನ ಪರೀಕ್ಷೆ ಎರಡು ಬೇಕು: ಎಫ್‌ಇವಿ1 (ಮೊದಲ ಒಂದು ಸೆಕೆಂಡಿನಲ್ಲಿ ಜೋರಾಗಿ ಊದಿ ಹೊರಹಾಕುವ ಗಾಳಿ) ಮತ್ತು ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯ). ಮೊದಲನೆಯದನ್ನು ಮಾತ್ರ ಮಾಡಿ ಸುಮ್ಮನಾಗುವುದು ಸಾಮಾನ್ಯ, ಎರಡನೆಯದನ್ನು ಕೇಳಿ ಮಾಡಿಸಿ. ಲೆಕ್ಕ ಸುಲಭ. ಒಟ್ಟು 19 ವಿಭಾಗಗಳಲ್ಲಿ ಮೂರು ಹೋದರೆ 16 ಉಳಿಯುತ್ತವೆ. ಈಗಿನ ಮೌಲ್ಯ ಶೇ. 84 ಇದ್ದರೆ 84ನ್ನು 16ರಿಂದ ಗುಣಿಸಿ 19ರಿಂದ ಭಾಗಿಸಿ: ಸುಮಾರು ಶೇ. 71. ಹೀಗೆ ಲೆಕ್ಕ ಹಾಕಿದಾಗ ಎರಡೂ ಪರೀಕ್ಷೆಗಳ ಅಂಕಿ ಶೇ. 60ಕ್ಕಿಂತ ಮೇಲಿದ್ದರೆ ಮುಂದುವರಿಯಬಹುದು. 30ರಿಂದ 60ರ ನಡುವೆ ಇದ್ದರೆ ಮೆಟ್ಟಿಲು ಹತ್ತಿಸಿ ಅಥವಾ ನಡೆಸಿ ನೋಡುತ್ತಾರೆ. 30ಕ್ಕಿಂತ ಕೆಳಗಿದ್ದರೆ ಸೈಕಲ್ ಪರೀಕ್ಷೆ. ಶಸ್ತ್ರಚಿಕಿತ್ಸೆ ತಾಳಲಾರದವರಿಗೆ ಎಸ್‌ಬಿಆರ್‌ಟಿ ಎಂಬ ಗುರಿಹಿಡಿದ ವಿಕಿರಣ ಚಿಕಿತ್ಸೆ ಇದೆ, 3ರಿಂದ 5 ಬಾರಿಯಲ್ಲಿ ಮುಗಿಯುತ್ತದೆ.

ಸಕ್ಕರೆ ಕಾಯಿಲೆಯ ಮಾತ್ರೆಗಳ ಹೆಸರು ಓದಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ್ದು ಇದ್ದರೆ ಕನಿಷ್ಠ 3 ದಿನ ಮೊದಲೇ ವೈದ್ಯರ ಸಲಹೆಯಂತೆ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ರಕ್ತದ ಸಕ್ಕರೆ ಹೆಚ್ಚಿಲ್ಲದಿದ್ದಾಗಲೂ ಕೀಟೋನ್ ಏರಿ ರಕ್ತ ಆಮ್ಲೀಯವಾಗುವ ಅಪಾಯವಿದೆ. ಉಸಿರಿನ ಮೂರು ಚೆಂಡಿನ ಸಾಧನ ಈಗಲೇ ಕೊಂಡು ದಿನಕ್ಕೆ ನಾಲ್ಕೈದು ಸಲ ಅಭ್ಯಾಸ ಮಾಡಿಸಿ, ದಿನವೂ ನಡೆಸಿ.

ಹಣದ ವಿಷಯ. ವಿಮೆ ಇದ್ದರೆ ಪಾಲಿಸಿಯಲ್ಲಿ ‘ಆಧುನಿಕ ಚಿಕಿತ್ಸಾ ವಿಧಾನಗಳು’ ಎಂಬ ಪುಟ ಹುಡುಕಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ರೋಬೋಟ್ ಶಸ್ತ್ರಚಿಕಿತ್ಸೆಯನ್ನು ಪಾಲಿಸಿಯಿಂದ ಪೂರ್ತಿ ಹೊರಗಿಡುವಂತಿಲ್ಲ, ಆದರೆ ಅದಕ್ಕೆ ಪ್ರತ್ಯೇಕ ಮಿತಿ ಹಾಕಬಹುದು. ಎಷ್ಟೋ ಮನೆಗಳಲ್ಲಿ ಈ ಮಿತಿ ಗೊತ್ತಾಗುವುದು ಬಿಡುಗಡೆಯ ದಿನ. ಅಂದಾಜು ಪಟ್ಟಿಯಲ್ಲಿ ರೋಬೋಟ್ ಶುಲ್ಕ, ಉಪಕರಣಗಳು, ಸ್ಟೇಪ್ಲರ್ ಗುಂಡುಗಳು (ಪ್ರತಿ ಸಲ ಹೊಸದಾಗಿ ತುಂಬುವ ಪಿನ್ನುಗಳ ಕಾರ್ಟ್ರಿಜ್) ಬೇರೆ ಬೇರೆಯಾಗಿ ಇರಲಿ. ಒಂದು ಹಾಲೆಗೆ ಹಲವು ಗುಂಡುಗಳು ಬೇಕಾಗುತ್ತವೆ, ಸಂದು ಕೂಡಿಕೊಂಡಿದ್ದರೆ ಇನ್ನೂ ಹೆಚ್ಚು. ಬಿಲ್ ಏರುವುದು ಬಹುಪಾಲು ಅಲ್ಲೇ. ಅವು ವ್ಯಾಟ್ಸ್‌ನಲ್ಲೂ ಬೇಕು.

ಎಲ್ಲ ಸರಿಹೋದರೆ ಮರುದಿನವೇ ಎಬ್ಬಿಸಿ ನಡೆಸುತ್ತಾರೆ, ಗಾಳಿ ನಿಂತು ನೀರು ತಗ್ಗಿದ ಮೇಲೆ ನಳಿಕೆ ತೆಗೆಯುತ್ತಾರೆ, 3ರಿಂದ 5 ದಿನಕ್ಕೆ ಮನೆ. ಒಣಕೆಮ್ಮು ಕೆಲವು ವಾರ ಇರುತ್ತದೆ. ತೂತುಗಳು ಪಕ್ಕೆಲುಬಿನ ನರಗಳ ಪಕ್ಕದಲ್ಲೇ ಹೋಗುವುದರಿಂದ ಸ್ತನದ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ಜೋಮು ಅಥವಾ ಉರಿ ತಿಂಗಳುಗಟ್ಟಲೆ ಉಳಿಯಬಹುದು. ರೋಬೋಟ್‌ನಲ್ಲಿ ನೋವೇ ಇರುವುದಿಲ್ಲ ಎಂಬ ಮಾತು ನಿಜವಲ್ಲ. ಬಿಂದಿಗೆ, ಗ್ಯಾಸ್ ಸಿಲಿಂಡರ್ ಎತ್ತುವುದು ಒಂದು ತಿಂಗಳು ಬೇಡ.

ಮನೆಗೆ ಬಂದ ಮೇಲೆ ಜ್ವರ, ಕುತ್ತಿಗೆ ಅಥವಾ ಎದೆಯ ಚರ್ಮ ಊದಿ ಒತ್ತಿದರೆ ಚರಚರ ಎನ್ನುವುದು, ಒಂದು ಕಾಲು ಮಾತ್ರ ಊದುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಆದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಮ್ಮಿದಾಗ ತಿಳಿ ಕೆಂಪು ನೀರು ಬಾಯಿ ತುಂಬ ಬಂದರೆ ಗಾಳಿಕೊಳವೆಯ ಹೊಲಿಗೆ ಬಿಟ್ಟಿರಬಹುದು: ಆಂಬುಲೆನ್ಸ್ ಬರುವವರೆಗೆ ಬಲಮಗ್ಗುಲು ಕೆಳಗಾಗುವಂತೆ, ತಲೆ ಎತ್ತರವಾಗಿಟ್ಟು ಮಲಗಿಸಿ, ಆ ನೀರು ಒಳ್ಳೆಯ ಶ್ವಾಸಕೋಶಕ್ಕೆ ಇಳಿಯಬಾರದು.

ಕೊನೆಯ ಪೆಥಾಲಜಿ ವರದಿ ಹಂತ 1ಎ ಎಂದೇ ಬಂದರೆ ಕೀಮೋ ಬೇಕಿಲ್ಲ. ಮೊದಲ ಎರಡು ಮೂರು ವರ್ಷ 6 ತಿಂಗಳಿಗೊಮ್ಮೆ ಸಿ.ಟಿ., ಆಮೇಲೆ ವರ್ಷಕ್ಕೊಮ್ಮೆ. ತೆಗೆದ ಗ್ರಂಥಿಯಲ್ಲಿ ಅನಿರೀಕ್ಷಿತವಾಗಿ ಕ್ಯಾನ್ಸರ್ ಸಿಕ್ಕರೆ ಗಡ್ಡೆಯ ಇಜಿಎಫ್ಆರ್, ಎಎಲ್‌ಕೆ ಎಂಬ ಜೀನ್‌ಗಳ ಪರೀಕ್ಷೆಗಳು ನಿರ್ಣಾಯಕ. ಧೂಮಪಾನ ಮಾಡದ ಭಾರತೀಯ ಮಹಿಳೆಯರ ಅಡಿನೊಕಾರ್ಸಿನೋಮದಲ್ಲಿ ಇಜಿಎಫ್ಆರ್ ಬದಲಾವಣೆ ಸಾಕಷ್ಟು ಸಾಮಾನ್ಯ, ಅದಕ್ಕೆ 3 ವರ್ಷ ದಿನಕ್ಕೊಂದು ಒಸಿಮರ್ಟಿನಿಬ್ ಮಾತ್ರೆ ಮರುಕಳಿಕೆಯನ್ನು ಚೆನ್ನಾಗಿ ತಡೆಯುತ್ತದೆ. ಈ ಪರೀಕ್ಷೆಗಳಿಗಾಗಿ ಮೇಣದಲ್ಲಿ ಅಚ್ಚು ಹಾಕಿದ ಗಡ್ಡೆಯ ತುಂಡನ್ನು ಪೆಥಾಲಜಿ ವಿಭಾಗ ಇಟ್ಟುಕೊಂಡಿರುತ್ತದೆ. ಬೇರೆ ಊರಲ್ಲಿ ಚಿಕಿತ್ಸೆ ಮುಂದುವರಿಸುವುದಾದರೆ ಬಿಡುಗಡೆಯ ಸಮಯದಲ್ಲೇ ಅದರ ಬ್ಲಾಕ್ ಸಂಖ್ಯೆಯನ್ನು, ಎಲ್ಲ ಸ್ಕ್ಯಾನ್‌ಗಳ ಸಿ.ಡಿ.ಯನ್ನು ಕೇಳಿ ಪಡೆದುಕೊಳ್ಳಿ.